ಸದ್ದು ತಾಳಲಾರದ ನಾನು ಮದುವೆ ಫೋಟೋಗ್ರಾಫರ್ ಆಗಿಯೇ ಉಳಿದದ್ದು: ನನ್ನ ಅನುಭವ

ಕಳೆದ ವರ್ಷ 19 ಮದುವೆ ಮುಗಿಸಿದೆ. ಒಂದು ದಿನವೂ ತಲೆನೋವಿನ ಮಾತ್ರೆ ನುಂಗಲಿಲ್ಲ. ಒಂದು ಮುಹೂರ್ತವೂ ತಪ್ಪಲಿಲ್ಲ. "ನಿನ್ನಂಥವನಿಗೆ ಈ ಕೆಲಸ ಆಗಲ್ಲ ಮಾರಾಯ, ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ಸುಮ್ನಿರು" ಅಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕೆಲಸದಲ್ಲಿ ನನ್ನ ಹಾಗೆ ಸದ್ದು, ಬೆಳಕು, ವಾಸನೆ ತಾಳಲಾರದವರು ಇನ್ನೂ ಇದ್ದಾರೆ. ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ ಅಷ್ಟೆ.

ನನ್ನ ಮೈಯೇ ಹಾಗೆ. ಚಿಕ್ಕಂದಿನಲ್ಲಿ ಮಿಕ್ಸಿ ಶುರುವಾದರೆ ಹಿತ್ತಲಿಗೆ ಓಡುತ್ತಿದ್ದೆ. ಅಂಗಿಯ ಕಾಲರಿನ ಲೇಬಲ್ ಕತ್ತರಿಸದೆ ಹಾಕುತ್ತಿರಲಿಲ್ಲ. ಮನೆಯಲ್ಲಿ ದೊಡ್ಡವರು ಜಗಳವಾಡಿದರೆ ರಾತ್ರಿ ನನಗೆ ಮೈ ಬಿಸಿಯಾಗುತ್ತಿತ್ತು. "ಇವನದ್ದು ಹೂವಿನಂಥ ಜೀವ" ಅಂತ ಅಮ್ಮ ಅನ್ನುತ್ತಿದ್ದರು. ಅಪ್ಪನಿಗೆ ಅದು ಇಷ್ಟವಾಗುತ್ತಿರಲಿಲ್ಲ. ಇಂಥವರಿಗೆ ಹೈಲಿ ಸೆನ್ಸಿಟಿವ್ ಪರ್ಸನ್, ಅಂದರೆ ಅತಿ ಸೂಕ್ಷ್ಮ ಸಂವೇದನೆಯವರು, ಅಂತ ಹೆಸರು ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ಏರನ್, 1990ರ ದಶಕದಲ್ಲಿ. ಇದು ಕಾಯಿಲೆ ಅಲ್ಲ, ಹುಟ್ಟುಗುಣ, ನೂರಕ್ಕೆ 15–20 ಜನ ಹೀಗಿರುತ್ತಾರೆ ಅನ್ನುವುದು ಅವರ ಲೆಕ್ಕ. ನಾವು ಹೀಗೋ ಅಲ್ಲವೋ ಅಂತ ನೋಡಿಕೊಳ್ಳಲು ಅವರು ಮಾಡಿದ ಪಟ್ಟಿಯಲ್ಲಿ 27 ಪ್ರಶ್ನೆಗಳಿವೆ. 24ಕ್ಕೋ 25ಕ್ಕೋ ನಾನು ಹೌದು ಅಂದೆ. ಆದರೆ ಅದನ್ನು ಓದಿದ್ದು 2018ರಲ್ಲಿ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

2017ರ ವೈಶಾಖ. ಆಗ ವರ್ಷಕ್ಕೆ 40 ಮದುವೆ ಮಾಡುತ್ತಿದ್ದೆ. ಒಂದಕ್ಕೆ 35 ಸಾವಿರದ ಆಸುಪಾಸು. ಅವತ್ತಿನದು ಐದು ದಿನದಲ್ಲಿ ನಾಲ್ಕನೇ ಮದುವೆ, ಬೆಂಗಳೂರಿನ ಒಂದು ದೊಡ್ಡ ಛತ್ರದಲ್ಲಿ. ಹಿಂದಿನ ರಾತ್ರಿ ಆರತಕ್ಷತೆಯಲ್ಲಿ ಡಿಜೆ ಮುಗಿದಾಗ ಹನ್ನೆರಡು ಗಂಟೆ. ನಾಲ್ಕಕ್ಕೆ ಮತ್ತೆ ಎದ್ದೆ. ಮಂಟಪದಲ್ಲಿ ವಾಲಗದವರ ಮುಂದೆಯೇ ಸ್ಪೀಕರ್ ಬಾಕ್ಸ್. ಹಿಂದೆ ಎಲ್‌ಇಡಿ ಗೋಡೆ. ಹೋಮದ ಹೊಗೆ, ಸುಗಂಧರಾಜದ ಹಾರ, ಜನರ ಸೆಂಟು. ಕಣ್ಣಿನ ಮುಂದೆ ಬೆಳಕು ಒಡೆದ ಹಾಗೆ ಆಗತೊಡಗಿತು. ಇನ್ನೂ ಹತ್ತು ನಿಮಿಷ ಇದೆ ಅಂದುಕೊಂಡು ಮುಖ ತೊಳೆಯಲು ಹೋದೆ. ನಲ್ಲಿ ತಿರುಗಿಸಿದ್ದೇ ತಡ, ಒಳಗೆ ಗಟ್ಟಿಮೇಳ ಕೇಳಿಸಿತು. ಓಡಿ ಬರುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು.

ವಿಡಿಯೋದಿಂದ ಒಂದು ಚಿತ್ರ ತೆಗೆದು ಆಲ್ಬಮ್‌ಗೆ ಹಾಕಿದೆವು. ಮಬ್ಬು ಚಿತ್ರ. ಹುಡುಗಿಯ ಅಪ್ಪ ಬೈಯಲಿಲ್ಲ. "ನನ್ನ ಮಗಳಿಗೆ ಇನ್ನೊಂದು ಸಲ ತಾಳಿ ಕಟ್ಟಿಸಲಾ?" ಅಂತ ಕೇಳಿದರು. 60 ಸಾವಿರಕ್ಕೆ ಒಪ್ಪಿಕೊಂಡ ಕೆಲಸ. ಮುಂಗಡದ 20 ಸಾವಿರ ಬಿಟ್ಟು ಉಳಿದದ್ದು ಬರಲಿಲ್ಲ, ನಾನೂ ಕೇಳಲಿಲ್ಲ. ಆ ಮಾತು ಆರು ತಿಂಗಳು ನಿದ್ದೆ ಕೆಡಿಸಿತು.

ಆಮೇಲೆ ಮಾಡಿದ್ದೆಲ್ಲ ತಪ್ಪು ದಾರಿ. ಅದನ್ನೂ ಹೇಳಿಬಿಡುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ. ಮೊದಲು ಹತ್ತಿ. ಏನೂ ಪ್ರಯೋಜನವಿಲ್ಲ. ಆಮೇಲೆ ಹಳದಿ ಫೋಮ್ ಇಯರ್‌ಪ್ಲಗ್, ಜೋಡಿಗೆ 20 ರೂಪಾಯಿ. ಸದ್ದು ಚೆನ್ನಾಗಿ ತಡೆಯಿತು, ಬೇಕಿಲ್ಲದಷ್ಟು ತಡೆಯಿತು. ಪುರೋಹಿತರ ಮಾತು ಬಾವಿಯೊಳಗಿಂದ ಬಂದ ಹಾಗೆ. ಅವರು "ಗಟ್ಟಿಮೇಳ, ಗಟ್ಟಿಮೇಳ" ಅನ್ನುವುದೇ ನಮಗೆ ಸೂಚನೆ ಅಲ್ವಾ? ಅದೇ ಕೇಳದಿದ್ದರೆ ಕಿವಿ ಮುಚ್ಚಿ ಏನು ಉಪಯೋಗ? ಆಮೇಲೆ 24 ಸಾವಿರ ಕೊಟ್ಟು ಸದ್ದು ಅಡಗಿಸುವ ಹೆಡ್‌ಫೋನ್ ತಂದೆ. ಎರಡೇ ಮದುವೆಗೆ ಹಾಕಿದ್ದು. "ಫೋಟೋದವನು ಹಾಡು ಕೇಳ್ತಾ ನಿಂತಿದಾನೆ" ಅಂತ ಗಂಡಿನ ಕಡೆಯವರು ದೂರು ಕೊಟ್ಟರು. 11 ಸಾವಿರಕ್ಕೆ ಮಾರಿದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಗೆಳೆಯರ ಮಾತು ಕೇಳಿ ಮನಸ್ಸು ಕಲ್ಲು ಮಾಡಿಕೊಂಡದ್ದು. ಯಾರ ಮುಖವನ್ನೂ ನೋಡಬೇಡ, ಯಾರ ಅಳುವನ್ನೂ ಹಚ್ಚಿಕೊಳ್ಳಬೇಡ, ಬಟನ್ ಒತ್ತು, ಮನೆಗೆ ಹೋಗು. ಹಾಗೆಯೇ ಒಂದು ಸೀಸನ್ ಮಾಡಿದೆ. ಸುಸ್ತು ಸ್ವಲ್ಪ ಕಡಿಮೆಯಾಯಿತು ನಿಜ. ಆದರೆ ಆ ವರ್ಷದ ಆಲ್ಬಮ್‌ಗಳನ್ನು ಈಗಲೂ ತೆರೆಯಲು ಮನಸ್ಸಾಗುವುದಿಲ್ಲ. ಎಲ್ಲರೂ ಸಾಲಾಗಿ ನಿಂತು ಕ್ಯಾಮೆರಾ ನೋಡುತ್ತಿದ್ದಾರೆ. ತಾಯಿ ಮಗಳ ಸೆರಗು ಸರಿಮಾಡುವುದು, ತಮ್ಮ ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಳ್ಳುವುದು, ಒಂದೂ ಇಲ್ಲ. ಆ ಮದುವೆಗಳಲ್ಲೂ ಅವೆಲ್ಲ ನಡೆದೇ ಇದ್ದವು. ನೋಡುವ ಕಣ್ಣನ್ನು ನಾನೇ ಮುಚ್ಚಿಕೊಂಡಿದ್ದೆ. ನನ್ನನ್ನು ದಣಿಸುವುದೂ ನನ್ನ ಚಿತ್ರಕ್ಕೆ ಜೀವ ಕೊಡುವುದೂ ಒಂದೇ ಅಂತ ತಿಳಿದದ್ದು ಆಗಲೇ. ಹಾಗಾಗಿ ಮೈಯನ್ನು ಬದಲಿಸುವ ಯೋಚನೆ ಬಿಟ್ಟು ಕೆಲಸದ ರೀತಿಯನ್ನೇ ಬದಲಿಸಿದೆ.

ಮೊದಲ ನಿರ್ಧಾರ, ಒಂದು ಮದುವೆ ಆದಮೇಲೆ ಎರಡು ದಿನ ಖಾಲಿ. ಮುಹೂರ್ತ ಎಷ್ಟೇ ಒತ್ತೊತ್ತಾಗಿರಲಿ. ಎರಡನೆಯದು, ವರಪೂಜೆಯಿಂದ ಮದುವೆ ಊಟದವರೆಗೆ ಮಾತ್ರ ನಾನು. ಆರತಕ್ಷತೆ ಬೇರೆ ಹುಡುಗನಿಗೆ. ಗದ್ದಲ ಅಂದರೆ ಅವನಿಗೆ ಹಬ್ಬ, ಒಳ್ಳೆಯ ಕೆಲಸಗಾರ. ಅದರ ದುಡ್ಡು ಪೂರ್ತಿ ಅವನಿಗೇ. ಇದನ್ನು ಹೇಳಿದಾಗ ಟೀ ಅಂಗಡಿಯಲ್ಲಿ ಎಲ್ಲರೂ ನಕ್ಕರು. "ಆರತಕ್ಷತೆ ಬಿಟ್ಟರೆ ಯಾವ ಪಾರ್ಟಿ ಬರುತ್ತೆ ನಿನ್ನ ಹತ್ರ?"

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಸಿಕ್ಕಿದ್ದು 11 ಮದುವೆ. ನಾಲ್ಕೂವರೆ ಲಕ್ಷ ಬಂದಿರಬೇಕು. ಆಲ್ಬಮ್, ಹುಡುಗರ ಕೂಲಿ, ಪೆಟ್ರೋಲ್ ಕಳೆದರೆ ಕೈಗೆ ಒಂದೂವರೆ ಲಕ್ಷವೂ ನಿಲ್ಲಲಿಲ್ಲ. ಹೆಂಡತಿಯ ಬಳೆ ಅಡವಿಟ್ಟು 1 ಲಕ್ಷ 60 ಸಾವಿರ ತಂದೆ. ಅವಳು ಒಂದು ಮಾತೂ ಆಡಲಿಲ್ಲ. "ಮದುವೆ ಮನೆಯಿಂದ ಬಂದವರು ಮನೆಯಲ್ಲಿ ಮಾತಾಡ್ತೀರಲ್ಲ ಈಗ, ಅಷ್ಟು ಸಾಕು" ಅಂದಳು. ಮೊದಲೆಲ್ಲ ಬಂದವನೇ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಮಲಗುತ್ತಿದ್ದೆ.

ಅದೇ ದುಡ್ಡಿನಲ್ಲಿ ಸದ್ದಿಲ್ಲದೆ ಫೋಟೋ ತೆಗೆಯುವ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಹಳೆಯ ಕ್ಯಾಮೆರಾದ ಚಟ್ ಚಟ್ ಸದ್ದು ನನ್ನ ತಲೆಗೇ ಬಡಿಯುತ್ತಿತ್ತು. ಇಲ್ಲೂ ಒಂದು ಪೆಟ್ಟು ತಿಂದೆ. ಮೊದಲ ಮದುವೆಯ ನೂರಾರು ಚಿತ್ರಗಳಲ್ಲಿ ಅಡ್ಡಪಟ್ಟಿ. ಛತ್ರದ ದೀಪ ಮಿನುಗುವುದು ಸೆಕೆಂಡಿಗೆ 100 ಸಲ, ನಾನು ಶಟರ್ ತೆರೆದಿಟ್ಟದ್ದು ಸೆಕೆಂಡಿನ 1/320 ಭಾಗ ಮಾತ್ರ. ಈಗ ಸದ್ದಿಲ್ಲದ ಸೈಲೆಂಟ್ ಶಟರ್ ಹಾಕಿದರೆ 1/100ಕ್ಕಿಂತ ವೇಗವಾಗಿ ಇಡುವುದಿಲ್ಲ. ಮಂಟಪದ ಅಲಂಕಾರಕ್ಕೆ ಎಲ್‌ಇಡಿ ಜಾಸ್ತಿ ಇದ್ದರೆ ಅದನ್ನೂ ನಂಬದೆ ಸದ್ದು ಮಾಡುವ ಮೆಕ್ಯಾನಿಕಲ್ ಶಟರ್‌ಗೇ ಬರುತ್ತೇನೆ. ಧಾರೆಯ ಹೊತ್ತಿಗೆ ಫ್ಲ್ಯಾಶ್ ಇಲ್ಲವೇ ಇಲ್ಲ. ಸ್ವಲ್ಪ ದೂರದಿಂದಲೇ ಮುಖ ಹಿಡಿಯುವ 85 ಎಂಎಂ ಲೆನ್ಸ್, ಕಿಟಕಿಯ ಬೆಳಕು. ಪ್ರತಿ ಫ್ಲ್ಯಾಶ್‌ಗೂ ನನ್ನ ಕುತ್ತಿಗೆ ಬಿಗಿಯುತ್ತಿತ್ತು ಅಂತ ಅದನ್ನು ಬಿಟ್ಟಮೇಲೆಯೇ ಗೊತ್ತಾದದ್ದು.

ಕಿವಿಗೆ ಕೊನೆಗೂ ಸರಿಹೋದದ್ದು ಸಂಗೀತಗಾರರು ಹಾಕುವ ಸಿಲಿಕಾನ್ ಇಯರ್‌ಪ್ಲಗ್. ಸುಮಾರು 1,800 ರೂಪಾಯಿ. ಇದು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ, ಮಾತು ಮಾತಾಗಿಯೇ ಕೇಳುತ್ತದೆ. ಹಾಕಿದ್ದು ಯಾರಿಗೂ ಕಾಣುವುದಿಲ್ಲ.

ಇನ್ನೊಂದು, ಉಗ್ರಾಣ. ಛತ್ರಕ್ಕೆ ಹೋದ ತಕ್ಷಣ ಉಗ್ರಾಣದ ಕೀಲಿ ಯಾರ ಹತ್ತಿರ ಇದೆ ಅಂತ ವಿಚಾರಿಸುತ್ತೇನೆ. ಸಾಮಾನ್ಯವಾಗಿ ಒಬ್ಬ ಹಿರಿಯರು ಇರುತ್ತಾರೆ, ಚಿಕ್ಕಪ್ಪನೋ ಸೋದರಮಾವನೋ. ಅವರ ಜೊತೆ ನಾಲ್ಕು ಮಾತಾಡಿ ಗೆಳೆತನ ಮಾಡಿಕೊಳ್ಳುತ್ತೇನೆ. ಕತ್ತಲೆ, ತಂಪು, ಅಕ್ಕಿ ಮೂಟೆಯ ಮತ್ತು ಬೆಲ್ಲದ ವಾಸನೆ. ಛತ್ರದಲ್ಲಿ ಅದಕ್ಕಿಂತ ಶಾಂತವಾದ ಜಾಗ ಇಲ್ಲ. ವರಪೂಜೆ ಆದಮೇಲೆ ಹತ್ತು ನಿಮಿಷ, ಧಾರೆ ಆದಮೇಲೆ ಇಪ್ಪತ್ತು ನಿಮಿಷ ತೆಂಗಿನಕಾಯಿ ಚೀಲದ ಪಕ್ಕ ಕಣ್ಣು ಮುಚ್ಚಿ ಕೂರುತ್ತೇನೆ. ಅಷ್ಟು ಹೊತ್ತು ನನ್ನ ಸಹಾಯಕ ಹುಡುಗ ಮಂಟಪ ಬಿಟ್ಟು ಕದಲುವ ಹಾಗಿಲ್ಲ. 2017ರಲ್ಲಿ ಕಲಿತ ಪಾಠ ಅದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಒಂದು ಸೀಸನ್ ಪೂರ್ತಿ ಫೋನಿನಲ್ಲೇ ಸದ್ದು ಅಳೆದು ಪುಸ್ತಕದಲ್ಲಿ ಬರೆದಿಟ್ಟೆ, ಹೋದ ಛತ್ರಗಳದ್ದೆಲ್ಲ. ಫೋನಿನ ಲೆಕ್ಕ ಕರಾರುವಾಕ್ಕಲ್ಲ, ಹೋಲಿಸಲು ಸಾಕು. ಸ್ಪೀಕರ್ ಹಾಕಿದ ವಾಲಗ ಮಂಟಪದ ಹತ್ತಿರ 95 ಡೆಸಿಬಲ್ ದಾಟುತ್ತಿತ್ತು. ಅದೇ ವಾಲಗ ಸ್ಪೀಕರ್ ಇಲ್ಲದೆ 80–85. ನನ್ನನ್ನು ಬಳಲಿಸಿದ್ದು ನಾಗಸ್ವರ, ಡೋಲು ಅಲ್ಲ, ಸ್ಪೀಕರ್ ಡಬ್ಬ ಅಂತ ಆಗ ತಿಳಿಯಿತು. ಟೈಲ್ಸು, ಗಾಜು, ಗ್ರಾನೈಟಿನ ಹೊಸ ಛತ್ರಗಳಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ಸು ಬರುತ್ತದೆ. ಹಂಚು, ಮರದ ಜಂತೆಯ ಹಳೆಯ ಛತ್ರಗಳು ಅದನ್ನು ನುಂಗಿಬಿಡುತ್ತವೆ. ಈಗ ಬುಕಿಂಗ್ ಬಂದರೆ ಮೊದಲು ಛತ್ರ ಯಾವುದು ಅಂತ ಕೇಳುತ್ತೇನೆ, ದರ ಆಮೇಲೆ. ಒಮ್ಮೆ ಫಿಲಂ ಕ್ಯಾಮೆರಾದಲ್ಲೂ ಪೂರ್ತಿ ಮದುವೆ ತೆಗೆಯಲು ಹೊರಟೆ. ಕಡಿಮೆ ಒತ್ತಿದರೆ ಕಡಿಮೆ ದಣಿವು ಅನ್ನುವ ಆಸೆ. ಉಳಿದಿರುವ ರೀಲು ಎಣಿಸುವ ಚಿಂತೆಯೇ ದೊಡ್ಡ ಭಾರವಾಯಿತು. ಐದಾರು ಸಾವಿರ ಹೋಯಿತು. ಕಾಫಿಯನ್ನು ನಾಲ್ಕು ಲೋಟದಿಂದ ಒಂದಕ್ಕೆ ಇಳಿಸಿದ್ದು ಮಾತ್ರ ತುಂಬಾ ಫಲ ಕೊಟ್ಟಿತು. ಕಿಸೆಯಲ್ಲಿ ಉಗುರಿನಿಂದ ಗೀರಿದ ಒಂದು ನಿಂಬೆಹಣ್ಣು ಇಟ್ಟುಕೊಳ್ಳುತ್ತೇನೆ. ಸೆಂಟಿನ ವಾಸನೆ ತಲೆಗೇರಿದಾಗ ಅದೇ ಗತಿ.

ನನ್ನ ರೀತಿಗೆ ನಿಜವಾದ ಬೆಲೆ ಬಂದದ್ದು 2020ರಲ್ಲಿ. ಕೊರೊನಾ ಕಾಲ, ಮದುವೆಗೆ 50 ಜನ ಮಾತ್ರ ಅಂತ ನಿಯಮ. ಛತ್ರ ಬಿಟ್ಟು ಎಲ್ಲರೂ ಮನೆಯಂಗಳಕ್ಕೆ ಬಂದರು. ತೀರ್ಥಹಳ್ಳಿ ಕಡೆ, ಅಡಿಕೆ ಸೋಗೆಯ ಚಪ್ಪರ. ಬೇರೆಯವರಿಗೆ ಕೆಲಸವೇ ಇಲ್ಲದಾಗ ನನಗೆ ಆರೇಳು ಮದುವೆ ಸಿಕ್ಕಿತು.

ಅದರಲ್ಲಿ ಒಂದನ್ನು ಹೇಳಲೇಬೇಕು. ಮದುವೆಯ ಹಿಂದಿನ ದಿನ ಕ್ಯಾಮೆರಾ ಇಲ್ಲದೆ ಮನೆಗೆ ಹೋಗಿ ಒಂದು ಗಂಟೆ ಜಗಲಿಯಲ್ಲಿ ಕೂರುವುದು ನನ್ನ ರೂಢಿ. ಆ ಮನೆಯಲ್ಲಿ ಪಾತ್ರೆ ಬಿದ್ದರೂ, ಯಾರಾದರೂ ಕೂಗಿ ಕರೆದರೂ ಮದುಮಗಳು ಹೆಬ್ಬೆರಳ ಉಗುರನ್ನು ಬೆರಳಿಗೆ ಒತ್ತಿಕೊಳ್ಳುತ್ತಿದ್ದಳು. ಬೇರೆ ಯಾರಿಗೂ ಕಾಣದ ಗುರುತು. ಅದು ನನ್ನದೇ ಗುರುತು. ವಾಲಗದವರು ಸ್ಪೀಕರ್ ಕಟ್ಟುವುದನ್ನು ಕಿಟಕಿಯಿಂದ ನೋಡುತ್ತಾ ನಿಂತಿದ್ದಳು. ಸಂಜೆ ಹೊರಡುವ ಮುಂಚೆ ಅವಳ ಅಮ್ಮನ ಹತ್ತಿರ ಮಾತಾಡಿದೆ. ಬೆಳಿಗ್ಗೆ ಸ್ಪೀಕರ್ ಇರಲಿಲ್ಲ. ವಾಲಗದವರು ಚಪ್ಪರದ ಹೊರಗೆ, ತುಳಸಿಕಟ್ಟೆಯ ಪಕ್ಕ ಕೂತರು. ಮುಹೂರ್ತಕ್ಕೆ ಗಟ್ಟಿಮೇಳ ತಪ್ಪಲಿಲ್ಲ, ಕೆಟ್ಟ ಸದ್ದು ಕಿವಿಗೆ ಬೀಳಬಾರದು ಅಂತ ತಾನೇ ಅದನ್ನು ಬಾರಿಸುವುದು. ಅಂತರಪಟ ಇಳಿಯಿತು. ಜೀರಿಗೆ ಬೆಲ್ಲ ಹಿಡಿದ ಅವಳ ಕೈ ಸಡಿಲವಾಗಿತ್ತು. ಮುಖ ತೆರೆದುಕೊಂಡಿತ್ತು. ನನ್ನ ಅತ್ಯುತ್ತಮ ಚಿತ್ರ ಯಾವುದು ಅಂತ ಕೇಳಿದರೆ ಇದನ್ನೇ ತೋರಿಸುತ್ತೇನೆ. ಜಿಲ್ಲೆಯಲ್ಲಿ ಅಂಥ ಇನ್ನೊಂದು ಚಿತ್ರ ಇದ್ದರೆ ನೋಡಲು ನನಗೂ ಆಸೆಯಿದೆ. ಆ ಒಂದು ಮನೆಯಿಂದ ಆಮೇಲೆ ನಾಲ್ಕು ಮದುವೆ ಬಂದವು.

ಅಮ್ಮಂದಿರ ಹತ್ತಿರ ಏನು ಹೇಳುತ್ತೇನೆ, ಯಾವ ಮಾತಿನಿಂದ ಶುರುಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಹೂರ್ತದಲ್ಲಿ ಯಾರ ಕಣ್ಣು ಮೊದಲು ತುಂಬುತ್ತದೆ ಅಂತ ಹಿಂದಿನ ದಿನವೇ ಹೇಗೆ ತಿಳಿಯುತ್ತದೆ ಅನ್ನುವುದನ್ನೂ ಅಷ್ಟೆ. ಅದು ನನ್ನ ಅನ್ನ. ಕೆಲವು ಸಲ ಮಾತ್ರ ತಪ್ಪಿದ್ದೇನೆ.

ಈಗ ಮದುವೆಗೆ 80–85 ಸಾವಿರ ತೆಗೆದುಕೊಳ್ಳುತ್ತೇನೆ. 40 ಮದುವೆ ಮಾಡುತ್ತಿದ್ದಾಗ ವರ್ಷದ ಕೊನೆಗೆ ಕೈಯಲ್ಲಿ ಐದು ಲಕ್ಷ ಉಳಿಯುತ್ತಿತ್ತು. 19ಕ್ಕೆ ಎಂಟು ಲಕ್ಷದ ಹತ್ತಿರ ಉಳಿಯುತ್ತಿದೆ. ಬಳೆ 2021ರಲ್ಲೇ ಮನೆಗೆ ಬಂದವು. ಕುಪ್ಪಳಿಯಲ್ಲಿ ನಡೆಯುವ ಮಂತ್ರಮಾಂಗಲ್ಯದ ಮದುವೆಗಳಿಗೆ ದರ ಅರ್ಧಕ್ಕೆ ಇಳಿಸುತ್ತೇನೆ. ಕುವೆಂಪು ರೂಪಿಸಿದ ಸರಳ ಪದ್ಧತಿ, ಗದ್ದಲವಿಲ್ಲ, ಸುತ್ತ ಕಾಡು. ಅಲ್ಲಿಂದ ಬರುವಾಗ ಹೋದಾಗಿನಷ್ಟೇ ಹಗುರವಾಗಿರುತ್ತೇನೆ.

ಆಷಾಢ ಮತ್ತು ಧನುರ್ಮಾಸ ಪೂರ್ತಿ ನನಗೆ. ಆಗ ಆಲ್ಬಮ್ ಕೆಲಸ, ಅದೂ ಬೆಳಗಿನ ಆರರಿಂದ ಹತ್ತರವರೆಗೆ ಮಾತ್ರ. ನೂರಾರು ಮುಖ ನೋಡುವುದೂ ಒಂದು ಗದ್ದಲವೇ. ಒಂದು ದಿನಕ್ಕೆ 60 ಚಿತ್ರಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಆಲ್ಬಮ್ ಕೈಸೇರಲು ಮೂರು ತಿಂಗಳು ಅಂತ ಒಪ್ಪಂದದಲ್ಲೇ ಬರೆದಿರುತ್ತೇನೆ. ಒಪ್ಪದವರಿಗೆ ಬೇರೆಯವರ ನಂಬರ್ ಕೊಡುತ್ತೇನೆ.

ಡ್ರೋನಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಎಲ್ಲರೂ ಕೇಳುತ್ತಾರೆ, ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ಆ ಗುಂಯ್ ಸದ್ದು ಇಯರ್‌ಪ್ಲಗ್ ದಾಟಿ ಹಲ್ಲಿಗೆ ತಾಗುತ್ತದೆ. ಚಪ್ಪರದಿಂದ ದೂರ, ಗದ್ದೆಯ ಆ ಕಡೆಯಿಂದ ಹಾರಿಸಿ, ದಿಬ್ಬಣ ಬರುವಾಗ ಐದು ನಿಮಿಷದಲ್ಲಿ ಮುಗಿಸುವ ಒಂದು ಲೆಕ್ಕ ಹಾಕಿದ್ದೇನೆ. ಶ್ರಾವಣದಲ್ಲಿ ಸಾಗರದ ಹತ್ತಿರ ಒಂದು ಮದುವೆ ಇದೆ. ಅಲ್ಲಿ ನೋಡಬೇಕು.