ಹುಲ್ಲು ಕಾಯುವ ಕೆಲಸ: ಕುದುರೆಮುಖದ ಬೀಟ್‌ನಲ್ಲಿ ನನ್ನ ಅನುಭವ

ಕುದುರೆಮುಖದಲ್ಲಿ ಡ್ಯೂಟಿ ಅಂದ ಕೂಡಲೇ ಜನ ಕೇಳುವುದು ಒಂದೇ, ಹುಲಿ ನೋಡಿದ್ದೀರಾ, ಸಿಂಗಳೀಕ ಕಾಣುತ್ತಾ ಅಂತ. ಎರಡೂ ಇವೆ. ಆದರೆ ಅರಣ್ಯ ಇಲಾಖೆಯ ಬೀಟ್ ಗಾರ್ಡ್ ಆಗಿ ಗುಡ್ಡ ಹತ್ತಿಳಿದ ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ಹುಲಿಯಲ್ಲ, ಹುಲ್ಲು. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದದ್ದು ಡಿಸೆಂಬರ್ ಹೊತ್ತಿಗೆ ಒಣಗಲು ಶುರುವಾಗುತ್ತದೆ. ಅಲ್ಲಿಂದ ಮುಂಗಾರು ಮುಂಚಿನ ಮಳೆ ಬೀಳುವವರೆಗೆ ನಿದ್ದೆ ಅಷ್ಟಕ್ಕಷ್ಟೇ.

ಇಲ್ಲಿನ ಗುಡ್ಡಗಳ ರಚನೆಯೇ ಹಾಗೆ. ನೆತ್ತಿಯಲ್ಲೂ ಇಳಿಜಾರಿನಲ್ಲೂ ಹುಲ್ಲು, ನೀರು ಹರಿಯುವ ಮಡಿಕೆಗಳಲ್ಲಿ ಶೋಲಾ ಅನ್ನುವ ದಟ್ಟ ಹಸಿರು ಕಾಡು. ಬೆಂಕಿ ಹುಲ್ಲಿನ ಮೇಲೆ ಓಡಿ ಬಂದು ಶೋಲಾದ ಅಂಚಿಗೆ ಬಡಿಯುತ್ತದೆ. ಒಳಗೆ ತೇವ ಇರುವುದರಿಂದ ಸಾಮಾನ್ಯವಾಗಿ ಅಲ್ಲೇ ಆರುತ್ತದೆ. ಆದರೆ ಅಂಚಿನಲ್ಲಿ ಆಗಷ್ಟೇ ಎದ್ದ ಸಸಿಗಳು ಸುಟ್ಟು ಹೋಗಿರುತ್ತವೆ. ಮುಂದಿನ ವರ್ಷವೂ ಹಾಗೇ ಆದರೆ ಅಂಚು ಇನ್ನೊಂದಿಷ್ಟು ಹಿಂದೆ ಸರಿಯುತ್ತದೆ. "ಹುಲ್ಲು ಸುಟ್ಟರೇನು, ಮಳೆಗೆ ಮತ್ತೆ ಚಿಗುರುತ್ತಲ್ಲ" ಅಂತ ವಾದ ಮಾಡುವವರಿಗೆ ನಾನು ಈ ಅಂಚನ್ನು ತೋರಿಸುತ್ತಿದ್ದೆ. ಹುಲ್ಲು ಚಿಗುರುತ್ತದೆ, ಸರಿ. ಸಸಿ ಚಿಗುರಲ್ಲ.

ಈ ಜಾಗ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ಸುಮಾರು 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರು ಜಿಲ್ಲೆಗೂ ಹಬ್ಬಿದೆ. ಕಾನೂನು ಪ್ರಕಾರ ಒಳಗೆ ದನ ಮೇಯಿಸುವಂತಿಲ್ಲ, ಕಾಯಿ ಕೊಯ್ಯುವಂತಿಲ್ಲ. ಆಫೀಸಿನ ನಕ್ಷೆಯಲ್ಲಿ ಯಾರೂ ಹೋಗಬಾರದ ಜಾಗ, ಚಾರಣಕ್ಕೆ ಬಿಟ್ಟ ಜಾಗ, ಊರಿನ ಅಂಚು ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಗುಡ್ಡದ ಮೇಲೆ ನಿಂತು ನೋಡಿದರೆ ಎಲ್ಲ ಒಂದೇ ಬಣ್ಣ. ಅಲ್ಲಿ ಕಣ್ಣಿಗೆ ಕಾಣುವ ಗೆರೆ ಅಂದರೆ ಬೆಂಕಿ ದಾಟದಂತೆ ನಾವು ಹೊಡೆದ ಫೈರ್ ಲೈನ್ ಒಂದೇ.

ಅದನ್ನು ಮಾಡುವುದು ಹೀಗೆ. ಗುಡ್ಡದ ಏಣಿನ ಉದ್ದಕ್ಕೆ ಹುಲ್ಲನ್ನು ಎರಡು ಪಟ್ಟಿಯಾಗಿ ಸವರುತ್ತೇವೆ. ನಡುವೆ ಕೆಲವು ಮೀಟರ್ ಹುಲ್ಲು ಹಾಗೇ ಬಿಡುತ್ತೇವೆ. ಅದು ಉರಿಯುವಷ್ಟು ಒಣಗಿದ ಮೇಲೆ, ಆದರೆ ಸುತ್ತಲಿನ ಗುಡ್ಡ ಪೂರ್ತಿ ಒಣಗುವ ಮೊದಲು, ಸುಡಬೇಕು. ಈ ಎರಡರ ನಡುವೆ ಸಿಗುವ ದಿನಗಳು ಬಹಳ ಕಡಿಮೆ. ಬೆಳಗ್ಗೆ ಇಬ್ಬನಿ ಇನ್ನೂ ಇರುವಾಗ ಬೆಂಕಿ ಕೊಟ್ಟರೆ ಅದು ನಿಧಾನವಾಗಿ, ಹೇಳಿದ ಮಾತು ಕೇಳುವಂತೆ ಉರಿಯುತ್ತದೆ. ಬಿಸಿಲೇರಿದ ಮೇಲೆ ಗಾಳಿ ಕಣಿವೆಯಿಂದ ಮೇಲಕ್ಕೆ ನುಗ್ಗುತ್ತದೆ. ಮಧ್ಯಾಹ್ನದ ನಂತರ ಕರಾವಳಿ ಕಡೆಯ ಗಾಳಿಯೂ ಸೇರಿಕೊಂಡರೆ ಮುಗಿಯಿತು, ಆಗ ಬೆಂಕಿಪೊಟ್ಟಣ ಜೇಬಿನಿಂದ ತೆಗೆಯಲೇಬಾರದು. ಎರಡೂ ಬದಿಗೆ ಹಸಿ ಸೊಪ್ಪು ಹಿಡಿದವರು, ಹಿಂದೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ನೀರು ತುಂಬಿಕೊಂಡವರು. ಇಷ್ಟೇ ನಮ್ಮ ಅಗ್ನಿಶಾಮಕ ದಳ. ಈಚೆಗೆ ಎಲೆ ಊದುವ ಬ್ಲೋವರ್ ಬಂದಿದೆ. ಒಳ್ಳೆಯದೇ, ಆದರೆ ಅದನ್ನೂ ಪೆಟ್ರೋಲನ್ನೂ ಹೊತ್ತುಕೊಂಡು ಗುಡ್ಡ ಹತ್ತುವವನನ್ನು ಕೇಳಿ ನೋಡಿ.

ಬೆಂಕಿ ಆರಿತು ಅಂತ ಕೆಳಗಿಳಿಯುವ ಹಾಗಿಲ್ಲ. ನಿಜವಾದ ಕಳ್ಳ ಕಾಟಿಯ, ಅಂದರೆ ಕಾಡುಕೋಣದ, ಸಗಣಿ. ಒಣಗಿದ ಸಗಣಿ ಮೇಲೆ ಬೂದಿಯಂತೆ ಕಂಡರೂ ಒಳಗೆ ಕೆಂಡ ಇಟ್ಟುಕೊಂಡು ರಾತ್ರಿಯೆಲ್ಲ ಕೂತಿರುತ್ತದೆ. ಮರುದಿನ ಗಾಳಿ ಬೀಸಿದಾಗ ಒಂದು ಚೂರು ಉರುಳಿ ಗೆರೆ ದಾಟಿದರೆ ಸಾಕು. ಅದಕ್ಕೇ ಗೆರೆಯ ಉದ್ದಕ್ಕೂ ನಡೆದು ಒಂದೊಂದನ್ನೇ ಕೋಲಿನಿಂದ ಮಗುಚಿ, ಅಂಗೈ ಹಿಂಭಾಗ ಹತ್ತಿರ ಹಿಡಿದು ಬಿಸಿ ನೋಡುತ್ತೇವೆ. ಇದನ್ನು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟದ್ದು ಕಳಸದ ಕಡೆಯ ಒಬ್ಬ ವಯಸ್ಸಾದ ವಾಚರ್, ಅಂದರೆ ಬೆಂಕಿ ಕಾಯಲು ನಾವು ತೆಗೆದುಕೊಂಡ ಊರಿನವರು.

ಆ ವಾಚರ್‌ಗಳ ಬಗ್ಗೆ ಹೇಳದೆ ಈ ಕೆಲಸದ ಕಥೆ ಮುಂದೆ ಹೋಗುವುದಿಲ್ಲ. ಬೆಂಕಿ ತಾನಾಗಿ ಬೀಳುವುದು ತೀರಾ ಅಪರೂಪ. ದನಕ್ಕೆ ಎಳೆ ಹುಲ್ಲು ಬೇಕು ಅಂತ ಯಾರೋ ಹಚ್ಚುತ್ತಾರೆ, ಬೀಡಿ ತುಂಡು ಯಾರೋ ಎಸೆಯುತ್ತಾರೆ, ಇಲಾಖೆ ಮೇಲಿನ ಸಿಟ್ಟಿಗೆ ಯಾರೋ ಕಡ್ಡಿ ಗೀರುತ್ತಾರೆ. ಆ ಸಿಟ್ಟಿಗೂ ಕಾರಣ ಇದೆ. ತಲೆತಲಾಂತರದಿಂದ ಇದ್ದವರಿಗೆ ಒಂದು ದಿನ ಇದು ಉದ್ಯಾನ, ಉಪ್ಪಾಗೆ ಕಾಯಿ ಕೊಯ್ಯಬೇಡಿ, ದನ ಬಿಡಬೇಡಿ ಅಂದರೆ ಹೇಗಿರುತ್ತೆ? ಕೇಸು ಹಾಕುವ ಅಧಿಕಾರ ನಮಗಿದೆ. ಆದರೆ ಹೊಗೆ ಎದ್ದಾಗ ಮೊದಲು ಫೋನ್ ಮಾಡುವವರು ಅವರೇ. ಹಾಗಾಗಿ ನನ್ನ ಬೀಟ್‌ನಲ್ಲಿ ಬೆಂಕಿ ವಾಚರ್‌ಗಳನ್ನು ಆದಷ್ಟು ಅಂಚಿನ ಮನೆಗಳಿಂದಲೇ ತೆಗೆದುಕೊಳ್ಳುತ್ತಿದ್ದೆ, ದನ ಇರುವ ಮನೆಯವರಿಗೆ ಮೊದಲ ಆದ್ಯತೆ. ನವೆಂಬರ್‌ನಲ್ಲೇ ಅವರ ಮನೆಗೆ ಹೋಗಿ, ಚಾ ಕುಡಿದು, ಈ ಸಲ ಗೆರೆ ಎಲ್ಲಿ ಹಾಯಬೇಕು ಅಂತ ಅವರನ್ನೇ ಕೇಳುತ್ತಿದ್ದೆ. ದನ ಯಾವ ಕಡೆ ಇಳಿಯುತ್ತದೆ, ಗಾಳಿ ಎಲ್ಲಿ ತಿರುಗುತ್ತದೆ, ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಸಂಬಳ ತಡವಾದಾಗ ಬೈಸಿಕೊಂಡದ್ದೂ ನಾನೇ ಬಿಡಿ.

ಉಪಗ್ರಹ ಬೆಂಕಿ ಕಂಡು ಮೊಬೈಲಿಗೆ ಮೆಸೇಜ್ ಬರುವ ವ್ಯವಸ್ಥೆ ಈಗ ಇದೆ. ಚೆನ್ನಾಗಿದೆ. ಆದರೆ ಉಪಗ್ರಹ ತಲೆಯ ಮೇಲೆ ಹಾದಾಗ ಮಾತ್ರ ಅದು ನೋಡುತ್ತದೆ. ಒಣಹುಲ್ಲು ಅಷ್ಟು ಹೊತ್ತು ಕಾಯುವುದಿಲ್ಲ. ನಮ್ಮ ಕಣಿವೆಗಳಲ್ಲಿ ಮೆಸೇಜ್ ಸಿಗಬೇಕಾದರೂ ಮೊದಲು ನೆಟ್‌ವರ್ಕ್ ಇರುವ ಬಂಡೆ ಹುಡುಕಬೇಕು.

ಇನ್ನೊಂದು ಕಿರಿಕಿರಿ ಗಿಡ ನೆಡುವವರದ್ದು. ಮನಸ್ಸು ಒಳ್ಳೆಯದೇ, ಆದರೆ ಹುಲ್ಲುಗಾವಲನ್ನು ನೋಡಿ "ಇಷ್ಟೊಂದು ಖಾಲಿ ಜಾಗ ಇದೆಯಲ್ಲ ಸಾರ್" ಅನ್ನುತ್ತಾರೆ. ಕಬ್ಬಿಣದ ಅದಿರಿನ ಗಣಿ ಇದ್ದ ಕಾಲದಲ್ಲಿ ಈ ಕಡೆಯ ಗುಡ್ಡಗಳಲ್ಲಿ ಅಕೇಶಿಯಾ ನೆಟ್ಟದ್ದನ್ನು ಈಗಲೂ ನೋಡಬಹುದು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು, ಅಕೇಶಿಯಾ ನಿಂತೇ ಇದೆ. ಅದರಡಿ ನಮ್ಮ ಹುಲ್ಲು ಸರಿಯಾಗಿ ಬರುವುದಿಲ್ಲ. ಮಳೆ ನೀರು ಹೀರಿಕೊಂಡು ಬೇಸಿಗೆಯಲ್ಲಿ ಸಣ್ಣಗೆ ಬಿಡುವುದು ಈ ಹುಲ್ಲಿನ ಗುಡ್ಡ ಮತ್ತು ಶೋಲಾ ಎರಡೂ ಸೇರಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿಯ ಗಂಗಾಮೂಲದಲ್ಲಿ. ಇದು ಖಾಲಿ ಜಾಗ ಅಲ್ಲ, ಅಲ್ವಾ?

ಚಾರಣದ ವಿಷಯ ಚುಟುಕಾಗಿ ಹೇಳುತ್ತೇನೆ. 2024ರಲ್ಲಿ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ 300 ಜನ ಅಂತ ಮಿತಿ ಆಯಿತು. ಮೊದಲಿನ ಜಾತ್ರೆಗೆ ಹೋಲಿಸಿದರೆ ಎಷ್ಟೋ ವಾಸಿ. ಮುಳ್ಳೋಡಿಯಿಂದ ಒಂಟಿಮರ ದಾಟಿ ಶಿಖರಕ್ಕೆ ಹೋಗುವ ದಾರಿಯಲ್ಲಿ ಕಸಕ್ಕಿಂತ ನನಗೆ ಬೇಸರ ತರಿಸುವುದು ಅಡ್ಡದಾರಿ. ಒಬ್ಬ ಜಾರುವ ತಿರುವು ತಪ್ಪಿಸಲು ಹುಲ್ಲಿನ ಮೇಲೆ ನೇರ ಇಳಿಯುತ್ತಾನೆ, ಹಿಂದಿನವರೂ ಅಲ್ಲೇ ಇಳಿಯುತ್ತಾರೆ. ಇಲ್ಲಿ ಬೀಳುವ ಮಳೆಗೆ ಆ ಕಾಲುದಾರಿ ಒಂದೇ ವರ್ಷದಲ್ಲಿ ಚರಂಡಿ. ಅಂಥ ಜಾಗಕ್ಕೆ ನಾವು ಮುಳ್ಳು, ಕಲ್ಲು ಅಡ್ಡ ಹಾಕಿ ಹುಲ್ಲಿನ ಹೆಂಟೆ ಇಡುತ್ತೇವೆ. ಬೋರ್ಡ್ ಹಾಕಿ ನೋಡಿದೆವು, ಬೋರ್ಡಿನ ಜೊತೆ ಸೆಲ್ಫಿ ತೆಗೆದುಕೊಂಡು ಅದರ ಪಕ್ಕದಲ್ಲೇ ಇಳಿದರು.

ಬೆಂಕಿ ಕಾಲದಲ್ಲಿ ಚಾರಣ ಬಂದ್ ಮಾಡಿದಾಗ ನನ್ನ ಫೋನಿಗೂ ಬೈಗುಳ ಬಂದಿದೆ. ರೂಮ್ ಬುಕ್ ಆಗಿದೆ, ಬೆಂಗಳೂರಿನಿಂದ ಹೊರಟಾಗಿದೆ ಅಂತೆಲ್ಲ. ಬರುವವರಿಗೆ ನನ್ನ ಸಲಹೆ ಇಷ್ಟೇ: ಮಳೆ ಮುಗಿದ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ, ಶನಿವಾರ ಭಾನುವಾರ ಬಿಟ್ಟು ಬನ್ನಿ. ಹುಲ್ಲು ಹಸಿರಾಗಿರುತ್ತದೆ, ನಮಗೂ ನಿಂತು ಮಾತಾಡಲು ಪುರುಸೊತ್ತಿರುತ್ತದೆ.