ಸಿಂಗಾಪುರದ ಜಿಎಸ್‌ಟಿ ವಾಪಸ್ ಬೇಕಾ? ಸೂಟ್‌ಕೇಸ್ ಬೆಲ್ಟ್ ಮೇಲೆ ಹಾಕೋ ಮುಂಚೆ ಓದ್ಕೊಳ್ಳಿ

ಸಿಂಗಾಪುರಕ್ಕೆ ಹೋದ ನಮ್ಮೋರು ಮುಸ್ತಫಾ ಅನ್ನೋ ದೊಡ್ಡ ಅಂಗಡಿಗೆ ಒಂದ್ ರೌಂಡ್ ಹೊಡೀದೆ ಬರಲ್ಲ, ಚಾಕ್ಲೇಟು ಸೆಂಟು ಅಂತ ಶುರುವಾಗಿದ್ದು ವಾಚು ಒಡವೆವರೆಗೂ ಹೋಗುತ್ತೆ. ಆ ಬಿಲ್ಲಲ್ಲಿ ಶೇ 9 ಜಿಎಸ್‌ಟಿ ಸೇರಿರುತ್ತೆ (2024ರ ಜನವರಿಯಿಂದ ಇದೇ ರೇಟು), ಅಂದ್ರೆ 109 ಸಿಂಗಾಪುರ ಡಾಲರ್ ಬಿಲ್ಲಿಗೆ 9 ಡಾಲರ್ ತೆರಿಗೆ. ಟೂರಿಸ್ಟ್‌ಗಳು ಇದನ್ನ ವಾಪಸ್ ತಗೋಬಹುದು, ರೀಫಂಡ್ ಕೊಡೋ ಏಜೆನ್ಸಿಯೋರು ಸರ್ವೀಸ್ ಚಾರ್ಜ್ ಅಂತ ಸ್ವಲ್ಪ ಹಿಡ್ಕೊಂಡು ಉಳಿದಿದ್ದು ಕೊಡ್ತಾರೆ.

ಮೊದ್ಲು ಅಂಗಡಿ. ಟೂರಿಸ್ಟ್ ರೀಫಂಡ್ ಇದೆಯಾ ಅಂತ ಕೇಳ್ಕೊಂಡೇ ಬಿಲ್ ಮಾಡಿಸಿ. ಒರಿಜಿನಲ್ ಪಾಸ್‌ಪೋರ್ಟ್ ಕೈಯಲ್ಲಿರ್ಬೇಕು, ರೂಮಲ್ಲಿಟ್ಟು ಮೊಬೈಲಲ್ಲಿ ಫೋಟೋ ತೋರ್ಸಿದ್ರೆ ನಡಿಯಲ್ಲ. ಬಿಲ್ಲು ತೆರಿಗೆ ಸೇರಿ 100 ಡಾಲರ್ ಮುಟ್ಬೇಕು, ಕಮ್ಮಿ ಬಿದ್ರೆ ಅದೇ ಅಂಗಡಿಯ ಅದೇ ದಿನದ 3 ಬಿಲ್ಲುವರೆಗೂ ಸೇರಿಸ್ಬಹುದು. ಯಾರ ಪಾಸ್‌ಪೋರ್ಟ್ ಕೊಟ್ರೋ ಅವ್ರೇ ಏರ್‌ಪೋರ್ಟಲ್ಲಿ ಕ್ಲೈಮ್ ಮಾಡ್ಬೇಕು, 16 ವರ್ಷ ತುಂಬಿರ್ಬೇಕು, ಹಾಗಾಗಿ ಮಗು ಪಾಸ್‌ಪೋರ್ಟ್ ಕೊಟ್ಟು ಉಪಯೋಗ ಇಲ್ಲ. ಹೋಟೆಲ್ ರೂಮು, ಅಲ್ಲೇ ತಿಂದಿದ್ದು ಕುಡಿದಿದ್ದಕ್ಕೆಲ್ಲ ರೀಫಂಡ್ ಇಲ್ಲ. ಒಡವೆಗೆ ಉಂಟು, ಆದ್ರೆ ಹೂಡಿಕೆಗೆ ಅಂತ ಮಾರೋ ಚಿನ್ನದ ಬಿಸ್ಕತ್ತಿಗೆ ಅಲ್ಲಿ ಜಿಎಸ್‌ಟಿನೇ ಇಲ್ಲ, ಇನ್ನು ವಾಪಸ್ ಏನ್ ಬರುತ್ತೆ!

ಪ್ಯಾಕೇಜ್ ಟೂರಲ್ಲಿ ಹೋಗೋರು ಇದನ್ನ ನೋಡ್ಕೊಳ್ಳಿ: ಸಿಂಗಾಪುರ ಮುಗಿಸಿ ಬಸ್ಸಲ್ಲಿ ಮಲೇಷಿಯಾಗೆ ದಾಟಿ ಕೌಲಾಲಂಪುರದಿಂದ ಬೆಂಗಳೂರು ಫ್ಲೈಟ್ ಹಿಡಿದ್ರೆ ರೀಫಂಡ್ ಹೋಯ್ತು ಅಂತಾನೆ ಲೆಕ್ಕ, ರಸ್ತೆ ದಾರೀಲಿ ಹೋಗೋರಿಗೆ ಕೊಡಲ್ಲ. ಖರೀದಿ ಮಾಡಿ 2 ತಿಂಗಳೊಳಗೆ ಸಾಮಾನಿನ ಜೊತೆ ವಿಮಾನದಲ್ಲೇ ಹೊರಡ್ಬೇಕು.

ಇನ್ನು ಚಾಂಗಿ ಏರ್‌ಪೋರ್ಟ್, ನಾನು ಎಡವಿದ್ದು ಇಲ್ಲೇ. ಕೈ ಖಾಲಿ ಮಾಡ್ಕೊಂಡು ಆರಾಮಾಗಿ ಕ್ಲೈಮ್ ಮಾಡೋಣ ಅಂತ ಸೂಟ್‌ಕೇಸ್ ಎಲ್ಲ ಚೆಕ್‌ಇನ್ ಮಾಡಿ ಆಮೇಲೆ ರೀಫಂಡ್ ಕ್ಲೈಮ್ ಮಾಡೋ ಮೆಷಿನ್ ಹತ್ರ ಹೋದೆ, ಅದು ಕಸ್ಟಮ್ಸ್‌ಗೆ ಸಾಮಾನು ತೋರ್ಸು ಅಂತು, ತೋರ್ಸೋಕೆ ಸಾಮಾನೆಲ್ಲಿದೆ, ವಿಮಾನದ ಹೊಟ್ಟೇಲಿ! 30 ಡಾಲರ್ ಹತ್ರ ಗೋತಾ. ಅದಕ್ಕೇ ಹೇಳ್ತಿರೋದು, ಸೂಟ್‌ಕೇಸಲ್ಲಿ ಹೋಗೋ ಸಾಮಾನಾದ್ರೆ ಚೆಕ್‌ಇನ್‌ಗೆ ಮುಂಚೆ, ಹೊರಗಿನ ಹಾಲ್‌ನಲ್ಲೇ ಇರೋ ಮೆಷಿನ್‌ಗೆ ಹೋಗಿ. ವಾಚು ಒಡವೆ ಥರ ಕೈಚೀಲದಲ್ಲಿ ತರೋದಾದ್ರೆ ಇಮಿಗ್ರೇಷನ್ ದಾಟಿದ್ಮೇಲೆ ಒಳಗೆ ಮಾಡಿ. ಸೆಂಟು ಶಾಂಪೂ 100 ಎಂಎಲ್ ಮೀರಿದ್ರೆ ಕೈಚೀಲದಲ್ಲಿ ಬಿಡಲ್ಲವಲ್ಲ, ಅದಕ್ಕೆ ಹೊರಗಿನ ಮೆಷಿನ್ನೇ ಗತಿ.

ಮೆಷಿನ್ ಕೆಲಸ ದೊಡ್ಡದೇನಲ್ಲ, ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದ್ರೆ ನಿಮ್ಮ ಖರೀದಿ ಎಲ್ಲ ಬರುತ್ತೆ, ನಾಲ್ಕು ಪ್ರಶ್ನೆಗೆ ಉತ್ತರ ಒತ್ತಿ, ಕ್ಯಾಶಾ ಕಾರ್ಡಾ ಆರಿಸ್ಕೊಂಡು ಚೀಟಿ ತಗೊಳ್ಳಿ. ಬಿಲ್ಲುಗಳನ್ನ ಬಿಸಾಕ್ಬೇಡಿ, ಕಸ್ಟಮ್ಸ್‌ನೋರು ಕೇಳಿದ್ರೆ ಬೇಕು. ಒಪ್ಪಿಗೆ ಸಿಕ್ಕಿ 12 ಗಂಟೆಯೊಳಗೆ ಸಾಮಾನು ದೇಶ ಬಿಡ್ಬೇಕು, ಆದ್ರಿಂದ ಹಿಂದಿನ ದಿನಾನೇ ಬಂದು ಮುಗಿಸ್ತೀನಿ ಅನ್ನೋದು ಬೇಡ.

ಕಾರ್ಡಿಗೆ ಹಾಕ್ಸಿದ್ರೆ ಬರೋಕೆ ಕೆಲವು ದಿನ ಹಿಡಿಯುತ್ತೆ. ಕ್ಯಾಶ್ ಆದ್ರೆ ಇಮಿಗ್ರೇಷನ್ ದಾಟಿದ್ಮೇಲೆ ಒಳಗಿರೋ ಕೌಂಟರಲ್ಲಿ ಸಿಂಗಾಪುರ ಡಾಲರಲ್ಲೇ ಕೊಡ್ತಾರೆ. ಹತ್ತಿಪ್ಪತ್ತು ಡಾಲರ್ ವಿಷ್ಯ ಆದ್ರೆ ನನ್ನ ಕೇಳಿದ್ರೆ ಕ್ಯಾಶೇ ತಗೊಂಡು ಅಲ್ಲೇ ಕಾಫಿ ಕುಡ್ಕೊಂಡು ಫ್ಲೈಟ್ ಹತ್ತಿ, ಊರಿಗೆ ತಂದು ರೂಪಾಯಿ ಮಾಡೋಕೆ ಹೋದ್ರೆ ಅಲ್ಲೂ ಒಂದಷ್ಟು ಕಿತ್ಕೋತಾರೆ.