ಸ್ಲಿಪ್ಪರ್ ಆರ್ಕಿಡ್‌ಗೆ ಕುಂಡ ಬದಲಿಸುವ ಹೊತ್ತು

ಹೂವಿನ ಒಂದು ದಳ ಚಪ್ಪಲಿಯಂತೆ ಕಾಣುವ ಸ್ಲಿಪ್ಪರ್ ಆರ್ಕಿಡ್‌ನ ಕುಂಡ ಯಾವಾಗ ಬದಲಿಸಬೇಕು ಅಂತ ಯಾರಾದರೂ ಕೇಳಿದರೆ, ಗಿಡ ಚೆನ್ನಾಗಿರುವಾಗಲೇ ಬದಲಿಸಿ ಅನ್ನುತ್ತೇನೆ. ಎಲೆ ಸೊರಗಿ ಜೋತು ಬೀಳುವ ಹೊತ್ತಿಗೆ ಒಳಗೆ ಬೇರು ಬಹುಪಾಲು ಕೊಳೆತಿರುತ್ತದೆ.

ಬೆಂಗಳೂರಿನ ಬಾಲ್ಕನಿಯಲ್ಲಿ ನಾನು ಬೆಳೆಸುವುದು ಪ್ಯಾಫಿಯೋಪೆಡಿಲಮ್ ಅನ್ನುವ ಸ್ಲಿಪ್ಪರ್ ಆರ್ಕಿಡ್. ನಮ್ಮ ಬಾಯಲ್ಲಿ ಬರೀ ಪ್ಯಾಫ್. ಕ್ಯಾಟ್ಲಿಯಾ, ಡೆಂಡ್ರೋಬಿಯಂನಂಥ ಬೇರೆ ಆರ್ಕಿಡ್‌ಗಳಿಗೆ ನೀರು ಕೂಡಿಟ್ಟುಕೊಳ್ಳುವ ದಪ್ಪ ಕಾಂಡ ಇರುತ್ತದಲ್ವಾ, ಇದಕ್ಕೆ ಅದಿಲ್ಲ. ಬೇರು ಕೂಡ ಕೆಲವೇ. ಅವು ಹಾಳಾದರೆ ಗಿಡ ಮತ್ತೆ ಚೇತರಿಸಿಕೊಳ್ಳಲು ತುಂಬಾ ಕಾಲ ಬೇಕು. ಒಂದು ಒಳ್ಳೆಯ ಗುಣವೂ ಇದೆ. ಕ್ಯಾಟ್ಲಿಯಾವನ್ನು ತಪ್ಪಾದ ಹೊತ್ತಲ್ಲಿ ಕೆದಕಿದರೆ ಮುನಿಸಿಕೊಂಡು ಕೂರುತ್ತದೆ. ಪ್ಯಾಫ್‌ಗೆ ಹೊಸ ತೊಗಟೆ (ಕುಂಡಕ್ಕೆ ಮಣ್ಣಿನ ಬದಲು ತುಂಬುವ ಮರದ ತೊಗಟೆ ಚೂರು) ಸಿಕ್ಕರೆ ಖುಷಿಯೇ. ಅದಕ್ಕೇ ವರ್ಷಕ್ಕೊಮ್ಮೆ, ತಡವಾದರೆ ಎರಡು ವರ್ಷಕ್ಕೊಮ್ಮೆ ನಾನು ಎಲ್ಲವನ್ನೂ ಬದಲಿಸುತ್ತೇನೆ.

ಆದರೆ ಕ್ಯಾಲೆಂಡರಿಗಿಂತ ಗಿಡದ ಬುಡವನ್ನು ಜಾಸ್ತಿ ನಂಬುತ್ತೇನೆ. ಪ್ಯಾಫ್‌ನಲ್ಲಿ ಒಂದು ಮರಿ, ಅಂದರೆ ಒಂದು ಎಲೆಗುಚ್ಛ, ಹೂ ಬಿಡುವುದು ಒಂದೇ ಸಲ. ಆಮೇಲೆ ಪಕ್ಕದಲ್ಲಿ ಹೊಸ ಮರಿ ಏಳುತ್ತದೆ, ಹೊಸ ಬೇರು ಬರುವುದು ಅದರ ಬುಡದಿಂದ. ಮರಿ ಸ್ವಲ್ಪ ಮೇಲಕ್ಕೆ ಎದ್ದು ಅದರ ಬುಡ ತೊಗಟೆಗೆ ತಾಗದೆ ನಿಂತರೆ ಬೇರು ಗಾಳಿಯಲ್ಲೇ ಒಣಗುತ್ತದೆ. ಗಿಡ ಅಲುಗಾಡುತ್ತಿದೆಯಾ ಅಂತ ಬೆರಳಲ್ಲಿ ಮೆಲ್ಲಗೆ ತಳ್ಳಿ ನೋಡಿ. ಒಂದು ಚೂರು ತೊಗಟೆ ತೆಗೆದು ಹಿಸುಕಿ. ಪುಡಿಯಾದರೆ, ಹುಳಿ ವಾಸನೆ ಬಂದರೆ, ಇನ್ನು ಕಾಯಬೇಡಿ. ಬೋರ್‌ವೆಲ್ ನೀರು ಹಾಕುವವರ ಕುಂಡದಲ್ಲಿ ಬಿಳಿ ಉಪ್ಪಿನ ಪೊರೆಯೂ ಕಾಣುತ್ತದೆ. ಅಂಥ ಕಡೆ ವರ್ಷ ದಾಟಿಸುವುದು ಬೇಡ.

ಚಳಿಗಾಲದಲ್ಲಿ ಹೂ ಬಿಡುವ ಇನ್‌ಸಿಗ್ನೆಯಂಥ ಪ್ಯಾಫ್ ಜಾತಿಗಳಿಗೆ ಫೆಬ್ರವರಿ ನನಗೆ ಹಿತ. ಹೂ ಮುಗಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ತಪ್ಪಿದರೆ ಜೂನ್‌ನಲ್ಲಿ ಮಳೆ ಬಂದು ಗಾಳಿ ತಂಪಾದ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಮುಟ್ಟುವುದಿಲ್ಲ. ಮೊಗ್ಗು ಬಂದಾಗಲೂ ಇಲ್ಲ. ತೊಗಟೆ ಪೂರ್ತಿ ಕೊಳೆತಿದ್ದರೆ ಮಾತ್ರ ಈ ಲೆಕ್ಕ ಯಾವುದೂ ಇಲ್ಲ. ಹೂ ಕತ್ತರಿಸಿ ನೀರಿನ ಲೋಟದಲ್ಲಿಡಿ, ಅಲ್ಲೂ ಎಷ್ಟೋ ದಿನ ಬಾಳುತ್ತದೆ. ಗಿಡಕ್ಕೆ ಅದೇ ದಿನ ಹೊಸ ಕುಂಡ.

ಹಿಂದಿನ ದಿನ ನೀರು ಹಾಕಿದ್ದರೆ ಬೇರು ಬಳುಕುತ್ತದೆ, ಮುರಿಯುವುದು ಕಡಿಮೆ. ಹಳೆ ತೊಗಟೆ ಉದುರಿಸಿ. ಇಲ್ಲಿ ಹೊಸಬರು ಗಾಬರಿಯಾಗುವುದು ಬೇರಿನ ಬಣ್ಣ ನೋಡಿ. ಪ್ಯಾಫ್‌ನ ಒಳ್ಳೆಯ ಬೇರು ಕಂದು ಬಣ್ಣದ್ದೇ, ಮೈಯೆಲ್ಲ ರೋಮ. ಒತ್ತಿದಾಗ ಗಟ್ಟಿಯಿದ್ದರೆ ಬಿಡಿ. ಮೆತ್ತಗಾಗಿ ಸಿಪ್ಪೆ ಜಾರಿ ಒಳಗಿನ ದಾರ ಕೈಗೆ ಬಂದರೆ ಕತ್ತರಿಸಿ. ಒಂದು ಗಿಡ ಮುಗಿದು ಇನ್ನೊಂದನ್ನು ಮುಟ್ಟುವ ಮೊದಲು ಕತ್ತರಿಯನ್ನು ಬೆಂಕಿಗೆ ಹಿಡಿಯುತ್ತೇನೆ, ವೈರಸ್ ದಾಟಬಾರದು ಅಂತ.

ಕುಂಡ ಬೇರು ಹಿಡಿಸುವಷ್ಟಿದ್ದರೆ ಸಾಕು. ದೊಡ್ಡದಾದರೆ ನಡುವಿನಲ್ಲಿ ತೇವ ನಿಂತು ಕೊಳೆಯುತ್ತದೆ. ಸಣ್ಣ ಪೈನ್ ತೊಗಟೆ, ಇದ್ದಿಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸುತ್ತೇನೆ. ತೆಂಗಿನ ಸಿಪ್ಪೆ ತುಂಡು ಬಳಸುವುದಾದರೆ ನೀರು ಬದಲಿಸುತ್ತ ನೆನೆಸಿ, ಅದರ ಉಪ್ಪು ಹೋಗಲಿ. ಹೊಸ ಮರಿಯ ಬುಡ ಸುಮಾರು ಒಂದು ಸೆಂಟಿಮೀಟರ್ ಒಳಗೆ ಹೋಗುವಂತೆ ಕೂರಿಸಿ. ಇಡೀ ಕೆಲಸದಲ್ಲಿ ನಾನು ಅತಿ ಕಾಳಜಿ ಮಾಡುವುದು ಈ ಒಂದರಲ್ಲಿ. ಆಮೇಲೆ ಕುಂಡದ ಬದಿ ತಟ್ಟಿ ತೊಗಟೆ ಇಳಿಸುವುದು. ಗಿಡ ವಾಲಿದರೆ ಕಡ್ಡಿಗೆ ಕಟ್ಟುವುದು.

ಗುಂಪನ್ನು ಸುಮ್ನೆ ಒಡೆಯಬೇಡಿ. ತಾನಾಗಿ ಬಿಡಿಬಿಡಿಯಾದರೆ ಸರಿ. ಇಲ್ಲದಿದ್ದರೆ ಒಂದೊಂದು ಪಾಲಿಗೂ ಮೂರು ಮರಿಯಾದರೂ ಉಳಿಯಬೇಕು. ಇನ್ನೂ ಗಿಡ ಬೇಕೆನಿಸಿದರೆ ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ್ದನ್ನೇ ಕೊಳ್ಳಿ. ಪಶ್ಚಿಮ ಘಟ್ಟದ ತೆಂಕಣ ತುದಿಯ ಅಗಸ್ತ್ಯಮಲೆಯಲ್ಲಿ ಬೆಳೆಯುವ ಡ್ರುರಿ ಅನ್ನುವ ಪ್ಯಾಫ್ ಜಾತಿಯನ್ನು ಆಸೆಬುರುಕರು ಕಿತ್ತೂ ಕಿತ್ತೂ ಅಳಿವಿನಂಚಿಗೆ ತಂದಿದ್ದಾರೆ. ಕಾಡಿನ ಪ್ಯಾಫ್‌ಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಬದಲಿಸಿದ ಮೇಲೆ ನೆರಳಲ್ಲಿಟ್ಟು, ತೊಗಟೆ ಪೂರ್ತಿ ಒಣಗದಂತೆ ನೋಡಿಕೊಳ್ಳುತ್ತೇನೆ. ಹೊಸ ಎಲೆ ಚಿಗುರುವವರೆಗೆ ಗೊಬ್ಬರ ಇಲ್ಲ. ಚಿಗುರಿದ ಮೇಲೂ ಪ್ಯಾಕೆಟ್ ಮೇಲೆ ಬರೆದದ್ದರ ಕಾಲು ಭಾಗ ಹಾಕಿದರೆ ಸಾಕು.